ಕೆಂಪು ನೆಲದ ಹಳೆಯ ಹಜಾರಕ್ಕೆ ಯಾವ ಬಣ್ಣ?

ಬಸವನಗುಡಿಯ ನಮ್ಮ ಮನೆಯನ್ನು ಅಜ್ಜ ಕಟ್ಟಿಸಿದ್ದು 1936ರಲ್ಲಿ. ಹಜಾರದ ಎತ್ತರ ಹದಿಮೂರು ಅಡಿ. ಮೇಲೆ ತೇಗದ ತೊಲೆಗಳ ಮದ್ರಾಸ್ ತಾರಸಿ, ಕೆಳಗೆ ಮುಖ ಕಾಣುವಷ್ಟು ನುಣುಪಾದ ಕೆಂಪು ನೆಲ, ನಡುವೆ ಒಂದೂವರೆ ಅಡಿ ದಪ್ಪದ ಗೋಡೆಗಳು. ಕಳೆದ ವರ್ಷ ಅದಕ್ಕೆ ಬಣ್ಣ ಹಚ್ಚಿಸಬೇಕೆಂದು ಹೊರಟಾಗ, ನನ್ನನ್ನು ಬಿಟ್ಟು ಮನೆಯ ಉಳಿದ ನಾಲ್ವರಿಂದ ಐದು ಅಭಿಪ್ರಾಯಗಳು ಬಂದವು. ಮಗಳಿಗೆ ಬೂದು ಬೇಕು. ಹೆಂಡತಿಗೆ ಬಿಳಿ. ತಮ್ಮನಿಗೆ ಒಂದು ಗೋಡೆ ಮಾತ್ರ ಕಡು ಹಸಿರು. ಎಂಬತ್ತಾರು ವರ್ಷದ ಸೋದರತ್ತೆ ಬೆಳಿಗ್ಗೆ ಒಂದು ಹೇಳಿದರೆ ಸಂಜೆ ಇನ್ನೊಂದು ಹೇಳುತ್ತಿದ್ದರು.

ನಾಲ್ಕು ತಿಂಗಳ ಜಗಳ, ಹನ್ನೊಂದು ಮಾದರಿ ಹಲಗೆಗಳು ಮತ್ತು ಒಬ್ಬ ತಾಳ್ಮೆಯ ಮೇಸ್ತ್ರಿಯ ಸಹವಾಸ ಮುಗಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು. ಹಳೆಯ ಮನೆಯಲ್ಲಿ ಅರ್ಧ ಬಣ್ಣವನ್ನು ನೆಲ ಎಂದೋ ಆರಿಸಿಬಿಟ್ಟಿರುತ್ತದೆ. ಕಾಲು ಪಾಲನ್ನು ಬಾಗಿಲು ಕಿಟಕಿಗಳ ಮರ ಆರಿಸಿರುತ್ತದೆ. ನಾವು ಜಗಳವಾಡುವುದು ಮಿಕ್ಕ ಕಾಲು ಪಾಲಿಗೆ. ಅಂಗಡಿಯವನು ಕೊಡುವ ಶೇಡ್ ಕಾರ್ಡ್ ಮಾತ್ರ ನಮ್ಮ ಮನೆಗೆ ನೆಲವೇ ಇಲ್ಲವೇನೋ ಎಂಬಂತೆ ಅಚ್ಚಾಗಿರುತ್ತದೆ.

ಕೆಳಗಿನ ಹೋಲಿಕೆ ಕೆಂಪು ನೆಲ, ಸುಣ್ಣದ ಗಾರೆಯ ಗಿಲಾವು, ಪಾಲಿಶ್ ಹಾಕಿದ ಮರ ಈ ಮೂರೂ ಇರುವ ಹಜಾರಕ್ಕೆ ಸಂಬಂಧಿಸಿದ್ದು. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಇಂಥವು ಇನ್ನೂ ಉಳಿದಿವೆ. ಕರಾವಳಿಯ ಹೆಂಚಿನ ಮನೆಗೂ ಹೆಚ್ಚಿನದು ಹೊಂದುತ್ತದೆ. ನೆಲಕ್ಕೆ ಆಗಲೇ ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಸಿ ಆಗಿದ್ದರೆ ಇದನ್ನು ಓದಿ ಪ್ರಯೋಜನವಿಲ್ಲ. ಆ ಕೋಣೆಗೆ ಯಾವ ಬಣ್ಣವಾದರೂ ನಡೆಯುತ್ತದೆ.

ಬಣ್ಣಕ್ಕೆ ಮೊದಲು ಗೋಡೆ

ಯಾವ ಬಣ್ಣ ಎಂದು ಕೇಳುವ ಮೊದಲು ಗೋಡೆ ಯಾವುದನ್ನು ಒಪ್ಪುತ್ತದೆ ಎಂದು ಕೇಳಬೇಕು. ಇದಕ್ಕೆ ಎರಡು ಸಣ್ಣ ಪರೀಕ್ಷೆಗಳಿವೆ. ಗೋಡೆಗೆ ಒಂದು ಚಿಟಿಕೆ ನೀರು ಚಿಮುಕಿಸಿ. ನೀರು ತಕ್ಷಣ ಇಂಗಿ ಅಲ್ಲಿ ಕಪ್ಪಾದರೆ ಮೇಲಿರುವುದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಹನಿಹನಿಯಾಗಿ ಜಾರಿದರೆ ಪ್ಲಾಸ್ಟಿಕ್ ಜಾತಿಯ ಬಣ್ಣ. ಆಮೇಲೆ ಬೀರುವಿನ ಹಿಂದೆ, ಯಾರಿಗೂ ಕಾಣದ ಕಡೆ, ಸ್ಕ್ರೂಡ್ರೈವರ್ ತುದಿಯಿಂದ ಗಿಲಾವನ್ನು ಕೆರೆಯಿರಿ. ಮೆತ್ತಗೆ ಪುಡಿಯುದುರಿದರೆ ಸುಣ್ಣದ ಗಾರೆ, ಟಕ್ಕೆಂದು ಸದ್ದು ಮಾಡಿ ಜಗ್ಗದಿದ್ದರೆ ಸಿಮೆಂಟು.

ಈ ವ್ಯತ್ಯಾಸದ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಆ ಕಾಲದ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಇರುವುದು ಅಪರೂಪ. ಮಳೆಗಾಲದಲ್ಲಿ ನೆಲದ ತೇವ ಇಟ್ಟಿಗೆಯಲ್ಲಿ ಮೇಲಕ್ಕೇರುತ್ತದೆ, ಬೇಸಿಗೆಯಲ್ಲಿ ಗಿಲಾವಿನ ಮೂಲಕ ಆವಿಯಾಗಿ ಹೊರಹೋಗುತ್ತದೆ. ಆ ದಾರಿಯನ್ನು ಮುಚ್ಚಿದರೆ ತೇವ ಒಳಗೇ ಕುಳಿತು, ತನ್ನೊಡನೆ ತಂದ ಉಪ್ಪನ್ನು ಬಣ್ಣದ ಹಿಂದೆ ಕೂಡಿಹಾಕುತ್ತದೆ. ಮೊದಲು ಗುಳ್ಳೆ, ಆಮೇಲೆ ಹಪ್ಪಳದಂತೆ ಎದ್ದುಬರುವ ಸಿಪ್ಪೆ, ಕೊನೆಗೆ ಗಿಲಾವೇ ಮರಳಾಗಿ ಸುರಿಯುವುದು. ನಮ್ಮಲ್ಲಿ ಹಿಂದಿನ ಬಾರಿ ಕೆಲಸ ಮಾಡಿದವನು ಗೋಡೆಗೆ ಎರಡು ಪದರ ಸಿಮೆಂಟ್ ಪುಟ್ಟಿ ಎಳೆದು, ಉಜ್ಜಿ, ಮೇಲೆ ದುಬಾರಿ ಎಮಲ್ಷನ್, ಅಂದರೆ ಆ ಪ್ಲಾಸ್ಟಿಕ್ ಜಾತಿಯ ಬಣ್ಣ, ಹೊಡೆದಿದ್ದ. ಮೊದಲ ವರ್ಷ ಗೋಡೆ ಮದುವೆ ಛತ್ರದಂತೆ ಮಿನುಗಿತು. ಮೂರನೆಯ ಮಳೆಗಾಲಕ್ಕೆ ನೆಲದಿಂದ ಎರಡೂವರೆ ಅಡಿಯವರೆಗೆ ಚರ್ಮರೋಗ ಬಂದವರಂತೆ ಆಯಿತು.

ಪದಾರ್ಥಗಳಲ್ಲಿ ನಮಗಿದ್ದ ಆಯ್ಕೆ ಮೂರು.

ಸುಣ್ಣ ಎಲ್ಲಕ್ಕಿಂತ ಅಗ್ಗ, ಮತ್ತು ಹಳೆಯ ಗಾರೆಗೆ ಅದಕ್ಕಿಂತ ಹತ್ತಿರದ ನೆಂಟ ಬೇರೊಂದಿಲ್ಲ. ನೀರಿನಲ್ಲಿ ಅರಳಿದ ಸುಣ್ಣ ಗೋಡೆಯ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದಕಲ್ಲೇ ಆಗುತ್ತದೆ. ಅಂದರೆ ಅದು ಗೋಡೆಯ ಮೇಲೆ ಕೂರುವ ತೊಗಲಲ್ಲ, ಗೋಡೆಯದೇ ಒಂದು ತೆಳುವಾದ ಪದರ. ಅದರ ಕ್ಷಾರಗುಣಕ್ಕೆ ಬೂಷ್ಟು ಹತ್ತಿರ ಬರುವುದಿಲ್ಲ. ಕೊರತೆಗಳೂ ಇವೆ. ಒರಗಿದರೆ ಬಟ್ಟೆಗೆ ಅಂಟುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಲು ಆಗುವುದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಗೋಂದು ಬೆರೆಸಿದರೆ ಅಂಟುವುದು ಕಡಿಮೆಯಾಗುತ್ತದೆ. ತೆಳ್ಳಗೆ ಮೂರು ನಾಲ್ಕು ಬಾರಿ ಬಳಿದರೆ ಇನ್ನೂ ಕಡಿಮೆ. ದಪ್ಪಗೆ ಒಂದೇ ಸಲ ಬಳಿಯುವ ಆತುರದವರ ಕೈಯಲ್ಲಿ ಸುಣ್ಣ ಎಂದೂ ನಿಲ್ಲುವುದಿಲ್ಲ.

ಡಿಸ್ಟೆಂಪರ್ ನಡುದಾರಿ. ಸೀಮೆಸುಣ್ಣದ ಪುಡಿಗೆ ಅಂಟು ಸೇರಿಸಿದ ಈ ಬಣ್ಣ ಎಮಲ್ಷನ್‌ನಷ್ಟು ಗೋಡೆಯನ್ನು ಮುಚ್ಚುವುದಿಲ್ಲ, ಸುಣ್ಣದಷ್ಟು ಉಸಿರಾಡಲು ಬಿಡುವುದೂ ಇಲ್ಲ. ಮುಂದೆಂದಾದರೂ ಮನಸ್ಸು ಬದಲಾದರೆ ಇದನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಬೇರೇನನ್ನೂ ಹಚ್ಚುವಂತಿಲ್ಲ. ಹಚ್ಚಿದರೆ ಅದರ ಸಮೇತ ಇದೂ ಕಳಚಿಕೊಳ್ಳುತ್ತದೆ. ಬಾಡಿಗೆಗೆ ಕೊಡುವ ಮನೆಗೆ ಸರಿ.

ಎಮಲ್ಷನ್‌ಗೆ ನಾನು ವೈರಿಯಲ್ಲ. ಸಿಮೆಂಟ್ ಗಿಲಾವಿನ ಗೋಡೆಗೆ, ತೇವ ಏರದ ಮೇಲಂತಸ್ತಿಗೆ, ಮಕ್ಕಳು ಕ್ರೇಯಾನ್‌ನಲ್ಲಿ ರಥೋತ್ಸವ ಬರೆಯುವ ಮನೆಗೆ ಅದೇ ವಾಸಿ. ನಮ್ಮ ಮನೆಯ ಮಹಡಿಯ ಕೋಣೆಗಳಿಗೆ ಅದನ್ನೇ ಹಾಕಿಸಿದ್ದೇವೆ. ಕೆಳಗಿನ ಹಜಾರಕ್ಕೆ ಮಾತ್ರ ಬೇಡವೆಂದು ಗೋಡೆಯೇ ಹೇಳಿತು.

ಈಚೆಗೆ ಡಬ್ಬಿಯಲ್ಲಿ ‘ಸುಣ್ಣದ ನೋಟ’ ಕೊಡುವ ಬಣ್ಣಗಳು ಬಂದಿವೆ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ. ಕೆಲವು ನಿಜವಾದ ಸುಣ್ಣ, ಕೆಲವು ಮೋಡಮೋಡವಾಗಿ ಕಾಣುವ ಅಕ್ರಿಲಿಕ್. ಎರಡನೆಯದರಿಂದ ನೋಟ ಸಿಗುತ್ತದೆ, ಗೋಡೆಗೆ ಉಸಿರು ಸಿಗುವುದಿಲ್ಲ.

ಗೋಡೆಯ ಪದರಗಳು ಹೇಳಿದ್ದು

ಮೇಸ್ತ್ರಿ ಒಂದು ಉಪಾಯ ಹೇಳಿಕೊಟ್ಟ. ಹಳೆಯ ಭಾವಚಿತ್ರವೊಂದನ್ನು ಇಳಿಸಿ, ಅದರ ಹಿಂದೆ ಅಂಗೈಯಗಲದ ಜಾಗವನ್ನು ಉಜ್ಜುಕಾಗದದಿಂದ ನಡುವಿನಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ ಆಗುವಂತೆ ದುಂಡಗೆ ಉಜ್ಜಿದ. ಈರುಳ್ಳಿ ಕೊಯ್ದಂತೆ ಒಂದರೊಳಗೊಂದು ಬಳೆಗಳು ಕಂಡವು. ನಡುವಿನಲ್ಲಿ ಬಿಳಿ ಸುಣ್ಣ, ಅದರ ಸುತ್ತ ನೀಲಿ ಛಾಯೆಯ ಸುಣ್ಣ, ಆಮೇಲೆ ಹಳದಿ, ಆಮೇಲೆ ಪಿಸ್ತಾ ಹಸಿರು, ತಿಳಿ ಗುಲಾಬಿ ಡಿಸ್ಟೆಂಪರ್, ಎಲ್ಲಕ್ಕಿಂತ ಹೊರಗೆ ನಮ್ಮ ಪಾಪದ ಎಮಲ್ಷನ್. ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕುಳಿತು ಒಂದೊಂದು ಬಳೆಗೂ ಒಂದೊಂದು ಮದುವೆಯ ಹೆಸರು ಹೇಳಿದರು.

ಹಳೆಯ ಬಣ್ಣವನ್ನೇ ಮತ್ತೆ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಈ ನೆಲ, ಈ ಬೆಳಕಿನಲ್ಲಿ ಒಂದು ಕುಟುಂಬ ಎಂಬತ್ತು ವರ್ಷ ಏನೇನು ಪ್ರಯತ್ನಿಸಿತು ಎಂಬ ಪಟ್ಟಿ ಪುಕ್ಕಟೆ ಸಿಗುವಾಗ ಬಿಡುವುದೇಕೆ? ಒಂದು ಎಚ್ಚರಿಕೆ. ಈ ಉಜ್ಜುವ ಕೆಲಸ ಸುಣ್ಣದ ಗೋಡೆಗೆ ಮಾತ್ರ. ಬಾಗಿಲು, ಕಿಟಕಿ, ಸರಳುಗಳ ಹಳೆಯ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಹತ್ತು ಲಕ್ಷ ಪಾಲಿಗೆ 90 ಪಾಲಿನ ಮಿತಿ ಕಡ್ಡಾಯವಾದದ್ದು 2017ರ ನವೆಂಬರ್‌ನಿಂದ. ಅದಕ್ಕೆ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಮನೆಯಲ್ಲಿ ಕೂಸುಗಳಿದ್ದರಂತೂ ಬೇಡವೇ ಬೇಡ. ಒದ್ದೆ ಮಾಡಿ ಉಜ್ಜಬೇಕು, ಮುಖಕ್ಕೆ ಒಳ್ಳೆಯ ಮುಸುಕು ಇರಬೇಕು, ಉದುರಿದ್ದನ್ನು ಒದ್ದೆ ಬಟ್ಟೆಯಲ್ಲಿ ಬಳಿದು ಕಟ್ಟಿ ಎಸೆಯಬೇಕು.

ಬಿಳಿಯೋ, ಕೆನೆಯೋ

ಅಚ್ಚ ಬಿಳಿ ಸುರಕ್ಷಿತ ಆಯ್ಕೆ ಎಂಬ ನಂಬಿಕೆ ಇದೆ. ಕೆಂಪು ನೆಲದ ಮೇಲೆ ಹಾಗಲ್ಲ. ಬೆಳಗಿನ ಬಿಸಿಲು ನೆಲಕ್ಕೆ ಬಿದ್ದು ಪುಟಿದಾಗ ಗೋಡೆಯ ಕೆಳಗಿನ ಮೂರು ನಾಲ್ಕು ಅಡಿ ಗುಲಾಬಿಯಾಗುತ್ತದೆ, ಮೇಲಿನದು ತಣ್ಣಗೆ ನೀಲಿಬಿಳಿಯಾಗಿ ಉಳಿಯುತ್ತದೆ. ಒಂದೇ ಗೋಡೆಗೆ ಎರಡು ಬಣ್ಣ ಹಚ್ಚಿದಂತೆ ಕಾಣುತ್ತದೆ. ಸುಣ್ಣದ ಬಿಳಿಯಲ್ಲಿ ಇದು ಸೊಗಸು, ಏಕೆಂದರೆ ಸುಣ್ಣದ ಮೈಯೇ ಸಮವಾಗಿರುವುದಿಲ್ಲ, ಬೆಳಕು ಅಲ್ಲಿ ಚೆದುರುತ್ತದೆ. ಯಂತ್ರದಲ್ಲಿ ಬೆರೆತ ಅಪ್ಪಟ ಬಿಳಿ ಎಮಲ್ಷನ್‌ನಲ್ಲಿ ಅದೇ ನೋಟ ಆಸ್ಪತ್ರೆಯ ವಾರ್ಡಿಗೆ ಸೂರ್ಯಾಸ್ತವಾದಂತೆ. ಮರದ ಪಕ್ಕದಲ್ಲಿ ಇನ್ನೊಂದು ತೊಂದರೆ ಇದೆ. ಅರಗಿನ ಪಾಲಿಶ್ ಹಾಕಿ ಎಂಬತ್ತು ವರ್ಷ ಕಪ್ಪಾದ ತೇಗದ ಚೌಕಟ್ಟು ಅಚ್ಚ ಬಿಳಿಯ ನಡುವೆ ಕಪ್ಪು ಗೆರೆ ಎಳೆದ ಶ್ರದ್ಧಾಂಜಲಿ ಪತ್ರದಂತೆ ಕಾಣುತ್ತದೆ.

ಕೆನೆಬಿಳಿ, ಅಂದರೆ ಕಾಯಿಸಿದ ಹಾಲಿನ ಕೆನೆಯ ಬಣ್ಣ, ಈ ಎರಡೂ ತೊಂದರೆಗಳನ್ನು ತಣಿಸುತ್ತದೆ. ನೆಲದ ಕೆಂಪನ್ನು ಅದು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಹೆಂಡತಿಯ ಬಿಳಿಯ ಹಟ ಇಲ್ಲಿಗೆ ಬಂದು ಅರ್ಧ ಸಡಿಲವಾಯಿತು. ಕೆನೆಯಲ್ಲೂ ಎರಡು ಜಾತಿ. ಹಳದಿಯತ್ತ ವಾಲುವ ಕೆನೆ ಹೊಂದುತ್ತದೆ. ಗುಲಾಬಿಯತ್ತ ವಾಲುವುದು ಬೇಡ, ನೆಲ ಆಗಲೇ ಸಾಕಷ್ಟು ಗುಲಾಬಿ ಸುರಿಯುತ್ತಿರುತ್ತದೆ. ಪದರಗಳಲ್ಲಿ ಕಂಡ ಗುಲಾಬಿ ಡಿಸ್ಟೆಂಪರ್ ಬಗ್ಗೆ ಅತ್ತೆ ಹೇಳಿದ್ದು ಒಂದೇ ಮಾತು: “ಅದು ನಿಮ್ಮ ದೊಡ್ಡಪ್ಪನ ಆಯ್ಕೆ. ಬಿಡು.”

ಹಳದಿ

ಕೆಂಪು ನೆಲಕ್ಕೆ ಹಳದಿ ಸೋದರ ಸಂಬಂಧಿ. ಹೇಳಿಕೇಳಿ ಎರಡೂ ಕಬ್ಬಿಣದ ಮಕ್ಕಳು. ನೆಲದ ಸಿಮೆಂಟಿಗೆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡ್, ಹಳದಿ ಮಣ್ಣಿಗೆ ಬಣ್ಣ ಬಂದದ್ದೂ ನೀರಿನಂಶ ಸೇರಿದ ಕಬ್ಬಿಣದ ಆಕ್ಸೈಡಿನಿಂದಲೇ. ಹಳದಿ ಮಣ್ಣನ್ನು ಸುಟ್ಟರೆ ಕೆಂಪಾಗುತ್ತದೆ. ಹೀಗಾಗಿ ಇವೆರಡು ಒಂದೇ ಕೋಣೆಯಲ್ಲಿ ಎಷ್ಟು ಹೊತ್ತು ಎದುರುಬದುರು ಕುಳಿತರೂ ಜಗಳವಾಡುವುದಿಲ್ಲ.

ಆದರೆ ಯಾವ ಹಳದಿ? ಶೇಡ್ ಕಾರ್ಡಿನ ನಿಂಬೆಹಳದಿ, ಸೂರ್ಯಕಾಂತಿ ಹಳದಿಗಳನ್ನು ದೂರವಿಡಿ. ನಾಲ್ಕು ಗೋಡೆ ಒಂದನ್ನೊಂದು ನೋಡಿಕೊಂಡಾಗ ಅವುಗಳ ಗಾಢತೆ ದುಪ್ಪಟ್ಟಾಗಿ, ಕೋಣೆ ಅರಿಶಿನದ ಡಬ್ಬಿಯೊಳಗೆ ಇಣುಕಿದಂತಾಗುತ್ತದೆ. ಬೇಕಾದದ್ದು ಮಣ್ಣಿನ ಹಳದಿ: ಬೆಣ್ಣೆ ಕಾಯಿಸಲು ಇಟ್ಟಾಗ ನಡುವೆ ಒಮ್ಮೆ ಬರುವ ಬಣ್ಣ, ತೊಗರಿಬೇಳೆ ನೆನೆಸಿಟ್ಟ ನೀರಿನ ಬಣ್ಣ. ಸುಣ್ಣಕ್ಕೆ ಹಳದಿ ಮಣ್ಣನ್ನು ಬೆರೆಸಿದರೆ ಇದು ತಾನಾಗಿ ಬರುತ್ತದೆ, ಏಕೆಂದರೆ ಸುಣ್ಣದ ಬಿಳಿ ಯಾವ ಬಣ್ಣವನ್ನೂ ಕಿರುಚಲು ಬಿಡುವುದಿಲ್ಲ.

ಹಳದಿಯ ಇನ್ನೊಂದು ಗುಣ ನಮ್ಮ ಬೆಳಕಿಗೆ ಸಂಬಂಧಿಸಿದ್ದು. ಹಳೆಯ ಮನೆಯ ಹಜಾರ ಹೊರಗಿನ ಬಿಸಿಲಿಗೆ ಹೋಲಿಸಿದರೆ ಕತ್ತಲೆ. ಮುಂದೆ ವರಾಂಡ, ಅದರ ಮುಂದೆ ಸೂರು, ಅದಕ್ಕೂ ಮುಂದೆ ಮಾವಿನ ಮರ. ಬೀದಿಯ ಬಿಸಿಲಿನಿಂದ ಒಳಗೆ ಬಂದವರ ಕಣ್ಣಿಗೆ ಮೊದಲ ಒಂದು ನಿಮಿಷ ಏನೂ ಕಾಣುವುದಿಲ್ಲ. ಆ ಮಬ್ಬಿನಲ್ಲಿ ಬಿಳಿ ಬೂದಿಯಂತೆ ತೋರುತ್ತದೆ, ಮಣ್ಣಿನ ಹಳದಿ ಮಾತ್ರ ಒಳಗೆಲ್ಲೋ ದೀಪ ಹಚ್ಚಿಟ್ಟಂತೆ ಇರುತ್ತದೆ. ರಾತ್ರಿ ಇದು ತಿರುವುಮುರುವಾಗಬಹುದು. ಹಳದಿ ಗೋಡೆಗೆ ಹಳದಿ ದೀಪ ಸೇರಿದರೆ ತುಸು ಅತಿ. ಅದರ ಮಾತು ಮುಂದೆ ಬರುತ್ತದೆ.

ಪಿಸ್ತಾ ಹಸಿರು ಮತ್ತು ತಮ್ಮನ ಕಡು ಹಸಿರು

ನಾನು ಹುಟ್ಟುವ ಮೊದಲೇ ಹಜಾರ ಪಿಸ್ತಾ ಹಸಿರಾಗಿತ್ತಂತೆ. ಈ ಬಣ್ಣಕ್ಕೆ ಸರ್ಕಾರಿ ಆಸ್ಪತ್ರೆ, ತಾಲ್ಲೂಕು ಕಚೇರಿಗಳ ನೆನಪು ಅಂಟಿಕೊಂಡು ಮರ್ಯಾದೆ ಕಳೆದುಕೊಂಡಿದೆ. ನ್ಯಾಯವಾಗಿ ನೋಡಿದರೆ, ಕೆಂಪು ನೆಲಕ್ಕೆ ಅದರಷ್ಟು ಜಾಣ ಜೊತೆ ಇಲ್ಲ. ಹಸಿರೂ ಕೆಂಪೂ ಬಣ್ಣಗಳ ಚಕ್ರದಲ್ಲಿ ಎದುರುಬದುರಿನವು. ಒಂದರ ಪಕ್ಕ ಇನ್ನೊಂದು ಇದ್ದರೆ ಎರಡೂ ಹೆಚ್ಚು ತೀಕ್ಷ್ಣವಾಗಿ ಕಾಣುತ್ತವೆ. ಮಾಸಿದ ಕೆಂಪು ನೆಲ ತಿಳಿ ಹಸಿರಿನ ಪಕ್ಕ ಆಗಷ್ಟೇ ಒರೆಸಿದಂತೆ ತೋರುತ್ತದೆ. ಗೋಡೆಯ ಕೆಳಭಾಗದಲ್ಲಿ ನೆಲದ ಕೆಂಪು ಪ್ರತಿಫಲಿಸಿದಾಗ ಹಸಿರು ಸ್ವಲ್ಪ ಬೂದಾಗಿ ತಣ್ಣಗಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಆ ಕೋಣೆಯಲ್ಲಿ ಚಾಪೆ ಹಾಸಿ ಮಲಗಲು ಮನಸ್ಸಾಗುತ್ತದೆ.

ಸುಣ್ಣದಲ್ಲಿ ಹಸಿರು ಬೇಕೆಂದರೆ ಪುಡಿಯನ್ನು ಕೇಳಿ ತರಬೇಕು. ಸುಣ್ಣದ ಕ್ಷಾರವನ್ನು ತಾಳುವ ಪುಡಿಗಳು ಕೆಲವೇ: ಹಳದಿ ಮಣ್ಣು, ಕೆಮ್ಮಣ್ಣು, ಕಬ್ಬಿಣದ ಕೆಂಪು, ಕ್ರೋಮಿಯಂ ಆಕ್ಸೈಡ್ ಹಸಿರು, ಅಲ್ಟ್ರಾಮರೀನ್ ನೀಲಿ, ಕಪ್ಪಿಗೆ ಕಾಡಿಗೆ. ಪ್ರಷ್ಯನ್ ನೀಲಿ ಸುಣ್ಣದಲ್ಲಿ ಕೆಡುತ್ತದೆ. ಅದನ್ನು ಹಳದಿಯ ಜೊತೆ ಬೆರೆಸಿ ಮಾಡಿದ ಹಸಿರೂ ಅಷ್ಟೇ. ಯಾವ ಪುಡಿಯಾದರೂ ಸುಣ್ಣದ ತೂಕದ ಹತ್ತರಲ್ಲೊಂದು ಪಾಲನ್ನು ದಾಟಬಾರದು. ದಾಟಿದರೆ ಸುಣ್ಣಕ್ಕೆ ಅದನ್ನು ಹಿಡಿದಿಡುವ ಶಕ್ತಿ ಸಾಲದೆ, ಒರಗಿದವರ ಬೆನ್ನೇ ಬಣ್ಣ ಒರೆಸುವ ಬಟ್ಟೆಯಾಗುತ್ತದೆ. ಅಂದರೆ ಸುಣ್ಣದಲ್ಲಿ ಗಾಢ ಬಣ್ಣ ಎಂಬುದೇ ಇಲ್ಲ. ಗಾಢವೇ ಬೇಕೆಂದರೆ ಸುಣ್ಣವನ್ನು ಬಿಡಬೇಕು.

ಹೀಗಾಗಿ ತಮ್ಮನ ಕಡು ಹಸಿರು ಗೋಡೆ ಪದಾರ್ಥದ ಕಾರಣಕ್ಕೇ ಬಿದ್ದುಹೋಯಿತು. ಬೀಳದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಒಂದು ಗೋಡೆಯನ್ನು ಮಾತ್ರ ಗಾಢ ಮಾಡುವ ಪದ್ಧತಿ, ನೋಡಲು ಬೇರೇನೂ ಇಲ್ಲದ ಫ್ಲಾಟುಗಳಿಗೆ ಹುಟ್ಟಿದ ಉಪಾಯ. ತೊಲೆ, ಜಂತೆ, ಬಣ್ಣದ ಗಾಜಿನ ಗವಾಕ್ಷಿ, ಎರಡು ಬಾಗಿಲಿನ ಗೂಡು, ಸಾಲು ಭಾವಚಿತ್ರ ಇರುವ ಹಜಾರದಲ್ಲಿ ಕಣ್ಣಿಗೆ ಆಗಲೇ ಕೈತುಂಬ ಕೆಲಸವಿದೆ.

ನೀಲಿ, ಬೂದು

ಬಟ್ಟೆಗೆ ಹಾಕುವ ನೀಲಿಯನ್ನೇ ಚಿಟಿಕೆ ಬೆರೆಸಿ ಬಳಿದ ಸುಣ್ಣ ನಮ್ಮ ಮನೆಯ ಎರಡನೆಯ ಪದರ. ಅಷ್ಟು ಸ್ವಲ್ಪ ನೀಲಿ ಸುಣ್ಣದ ಹಳದಿ ಛಾಯೆಯನ್ನು ಕೊಂದು ಬಿಳಿಯನ್ನು ಇನ್ನಷ್ಟು ಬಿಳಿಯಾಗಿ ತೋರಿಸುತ್ತದೆ. ಅಡುಗೆಮನೆ, ಬಚ್ಚಲು, ಹಿತ್ತಿಲ ಗೋಡೆಗೆ ಇದು ಇಂದಿಗೂ ಒಳ್ಳೆಯದು. ಹಜಾರದಲ್ಲಿ ಅದನ್ನು ಹೆಚ್ಚಿಸಿ ಆಕಾಶನೀಲಿ ಮಾಡಹೋದರೆ, ಕೆಂಪು ನೆಲದ ಪ್ರತಿಫಲನ ಸೇರಿ ಗೋಡೆಯ ಬುಡ ನೇರಳೆಯೂ ಅಲ್ಲದ ಕೆಸರೂ ಅಲ್ಲದ ಬಣ್ಣಕ್ಕೆ ತಿರುಗುತ್ತದೆ. ಮಾದರಿ ಹಲಗೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸುವವರೆಗೆ ಇದು ನಮಗೆ ಗೊತ್ತೇ ಆಗಲಿಲ್ಲ.

ಬೂದಿನ ವಿಷಯದಲ್ಲಿ ಮಗಳಿಗೂ ನನಗೂ ಮಾತು ಬೆಳೆಯಿತು. ಅವಳು ತೋರಿಸಿದ ಚಿತ್ರಗಳೆಲ್ಲ ಇಂಗ್ಲೆಂಡಿನ ಹಳೆಯ ಮನೆಗಳವು. ಬೂದುಹಸಿರು, ಬೂದುನೀಲಿ, ಅಣಬೆಯ ಬೂದು, ಒಂದೊಂದಕ್ಕೂ ಜಮೀನ್ದಾರರ ಬಂಗಲೆಯ ಹೆಸರು. ಅಲ್ಲಿ ಅವು ನಿಜವಾಗಿಯೂ ಚೆನ್ನ. ಲಂಡನ್ ಇರುವುದು 51 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿನ ಸೂರ್ಯ ತಗ್ಗಿನಲ್ಲಿ ಸಾಗುತ್ತಾನೆ, ಮೋಡದ ಬೆಳಕು ಮೆದು, ನೆಲ ತಿಳಿ ಮರದ್ದು. ಮೆದು ಬೆಳಕಿನಲ್ಲಿ ಬೂದಿನೊಳಗಿನ ಹತ್ತು ಛಾಯೆಗಳೂ ಕಾಣುತ್ತವೆ. ನಮ್ಮಲ್ಲಿ ಅದೇ ಬೂದು, ಕಿಟಕಿಯ ಪಕ್ಕ ಬಿಸಿಲಿಗೆ ತೊಳೆದುಹೋಗಿ, ಕೋಣೆಯ ಮೂಲೆಯಲ್ಲಿ ಹಸಿ ಸಿಮೆಂಟಾಗಿ, ಎರಡು ಕಡೆಯೂ ಮೋಸ ಮಾಡುತ್ತದೆ. ಮರದ ಪಕ್ಕ ನೀಲಿಬೂದು ಇಟ್ಟರೆ ಹಳೆಯ ತೇಗ ಕಿತ್ತಳೆಯಾಗಿ ಕಾಣುತ್ತದೆ. ಅರವತ್ತು ಸಾವಿರ ಕೊಟ್ಟು ಮರವನ್ನು ಪಾಲಿಶ್ ಮಾಡಿಸಿ, ಗೋಡೆಯ ಬಣ್ಣದಿಂದ ಅದನ್ನು ಪ್ಲೈವುಡ್ಡಿನಂತೆ ಕಾಣಿಸುವುದು ಯಾವ ನ್ಯಾಯ ಎಂದೆ. “ಹಾಗಾದರೆ ಅಪ್ಪ, ಮಹಡಿಯ ನನ್ನ ಕೋಣೆಗೆ ಬೂದು ಹಾಕಿಸಿ,” ಎಂದಳು. ಹಾಕಿಸಿದೆವು. ಅಲ್ಲಿ ನೆಲ ಮೊಸಾಯಿಕ್, ಕಿಟಕಿ ಹೊಸದು, ಬೂದು ಚೆನ್ನಾಗಿಯೇ ಕೂತಿದೆ.

ದಿಕ್ಕು ಮತ್ತು ದೀಪ

ಉತ್ತರದ ಕೋಣೆಗೆ ಬೆಚ್ಚಗಿನ ಬಣ್ಣ, ದಕ್ಷಿಣದ ಕೋಣೆಗೆ ತಣ್ಣನೆಯದು ಎಂಬ ಸೂತ್ರ ಎಲ್ಲ ಕಡೆ ಸಿಗುತ್ತದೆ. ಅದು ಯುರೋಪಿನಲ್ಲಿ ಹುಟ್ಟಿದ ಸೂತ್ರ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ವರ್ಷವಿಡೀ ಬಿಸಿಲು ಕಾಣದ ಉತ್ತರದ ಗೋಡೆ ಎಂಬುದು ನಮಗಿಲ್ಲ. ನಮಗೆ ಲೆಕ್ಕಕ್ಕೆ ಬರುವುದು ಪೂರ್ವ ಪಶ್ಚಿಮ. ಪಶ್ಚಿಮಕ್ಕೆ ಕಿಟಕಿಯಿದ್ದರೆ ಸಂಜೆ ನಾಲ್ಕರ ನಂತರದ ಕೆಂಬಿಸಿಲು ಹಳದಿಯನ್ನು ಕಿತ್ತಳೆ ಮಾಡುತ್ತದೆ, ಅಲ್ಲಿ ತಿಳಿ ಹಸಿರು ಅಥವಾ ಕೆನೆ ಲೇಸು. ಪೂರ್ವದ ಹಜಾರಕ್ಕೆ ಹಳದಿ ಹೇಳಿ ಮಾಡಿಸಿದ್ದು. ನಮ್ಮದು ಪೂರ್ವ. ಬೆಳಿಗ್ಗೆ ಏಳೂವರೆಗೆ ಗವಾಕ್ಷಿಯ ಕೆಂಪು, ಹಸಿರು ಗಾಜುಗಳಿಂದ ಎದುರು ಗೋಡೆಗೆ ಬಣ್ಣದ ಚೌಕಗಳು ಬೀಳುತ್ತವೆ. ಗೋಡೆ ತಿಳಿಯಾಗಿದ್ದರೆ ಮಾತ್ರ ಅವು ಕಾಣುತ್ತವೆ. ಈ ಒಂದು ಕಾರಣಕ್ಕೇ ಗಾಢ ಬಣ್ಣವನ್ನು ಬಿಡಬಹುದು.

ದೀಪದ ಮಾತು. ಈ ಮನೆಗಳ ಬಣ್ಣಗಳನ್ನು ಆರಿಸಿದ ಕಾಲದಲ್ಲಿ ರಾತ್ರಿಯ ಬೆಳಕು ಹಳದಿಯಾದ ಬಲ್ಬಿನದು. ಇಂದು ಅಂಗಡಿಯಲ್ಲಿ ಕೇಳದೆ ಕೊಡುವ ಎಲ್‌ಇಡಿ 6500 ಕೆಲ್ವಿನ್‌ನ ನೀಲಿಬಿಳಿ (ಬೆಳಕಿನ ಬಣ್ಣ ಹೇಳುವ ಈ ಅಂಕಿ ಇಳಿದಷ್ಟೂ ಬೆಳಕು ಹಳದಿ). ಅದರ ಕೆಳಗೆ ಮಣ್ಣಿನ ಹಳದಿ ಹಸಿರುಗಟ್ಟಿ, ಕೆಂಪು ನೆಲ ಕಂದಾಗಿ ಕಾಣುತ್ತದೆ. 2700 ಕೆಲ್ವಿನ್‌ನದು ಹಳೆಯ ಬಲ್ಬಿಗೆ ಹತ್ತಿರ, ಕೆನೆಗೂ ತಿಳಿ ಹಸಿರಿಗೂ ಅದು ಸರಿ. ಹಳದಿ ಗೋಡೆಗೆ ನಾವು 3000ದಿಂದ 4000ದ ನಡುವಿನದನ್ನು ಇಟ್ಟೆವು. ದೀಪ ಬದಲಿಸುವ ಉದ್ದೇಶವಿದ್ದರೆ ಬಣ್ಣ ಆರಿಸುವ ಮೊದಲೇ ಬದಲಿಸಿ. ಇನ್ನೂರು ರೂಪಾಯಿಯ ಬಲ್ಬು ಸಾವಿರಾರು ರೂಪಾಯಿಯ ಬಣ್ಣವನ್ನು ತಿದ್ದುವುದನ್ನು ನಾನು ನೋಡಿದ್ದೇನೆ, ಕೆಡಿಸುವುದನ್ನೂ ನೋಡಿದ್ದೇನೆ.

ಪರೀಕ್ಷಿಸುವ ಬಗೆ

ಎರಡು ಇಂಚಿನ ಶೇಡ್ ಕಾರ್ಡನ್ನು ನಂಬಿ ನಿರ್ಧರಿಸಬೇಡಿ. ಗೋಡೆಗೆ ಬಂದಾಗ ಎಲ್ಲ ಬಣ್ಣವೂ ಒಂದು ಮೆಟ್ಟಿಲು ಗಾಢವಾಗುತ್ತದೆ. ಎರಡಡಿ ಚೌಕದ ಹಲಗೆಗೆ ಎರಡು ಕೋಟ್ ಬಳಿದು, ಅದನ್ನು ನೆಲಕ್ಕೆ ತಾಗಿಸಿ ಒಂದು ದಿನ, ಬಾಗಿಲ ಚೌಕಟ್ಟಿನ ಪಕ್ಕ ಒಂದು ದಿನ, ಕಿಟಕಿಯಿಲ್ಲದ ಮೂಲೆಯಲ್ಲಿ ಒಂದು ದಿನ ಇಡಿ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಹಳೆಯ ಬಣ್ಣದ ಗೋಡೆಯ ಎದುರು ಹಿಡಿದು ನೋಡಿದರೆ ಕಣ್ಣು ಮೋಸ ಹೋಗುತ್ತದೆ, ಆದ್ದರಿಂದ ಹಲಗೆಯ ಸುತ್ತ ಬಿಳಿ ಪಂಚೆಯೊಂದನ್ನು ತೂಗುಹಾಕಿ.

ಸುಣ್ಣವಾದರೆ ಹಲಗೆ ಸಾಲದು, ಗೋಡೆಯ ಮೇಲೆಯೇ ಬಳಿದು ನೋಡಬೇಕು. ಹಸಿಯಾಗಿರುವಾಗ ಸುಣ್ಣದ ಬಣ್ಣ ಗಾಢವಾಗಿ, ಪಾರದರ್ಶಕವಾಗಿ ಇರುತ್ತದೆ. ಒಣಗುತ್ತ ಬೆಳ್ಳಗಾಗುತ್ತದೆ, ಎಷ್ಟೆಂದರೆ ಮೊದಲ ದಿನ ಅರಿಶಿನದಂತಿದ್ದದ್ದು ಮೂರನೆಯ ದಿನ ಕೆನೆಯಾಗಿರುತ್ತದೆ. ನಾವು ಮೊದಲ ಸಂಜೆ ಹೆದರಿ ಮೇಸ್ತ್ರಿಯನ್ನು ಕರೆಸಿದೆವು. “ಸ್ವಾಮಿ, ಇದಕ್ಕೆ ಇನ್ನೂ ಎರಡು ರಾತ್ರಿ ಕೊಡಿ,” ಎಂದು ಹೇಳಿ ಚಹಾ ಕುಡಿದು ಹೋದ.

ಕಾಲದ ವಿಷಯಕ್ಕೆ ಬಂದರೆ, ಹಬ್ಬ ಮದುವೆಗಳ ಹಿಂದಿನ ವಾರ ಕೆಲಸ ಶುರು ಮಾಡುವ ನಮ್ಮ ರೂಢಿ ಸುಣ್ಣಕ್ಕೆ ಆಗದು. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ಒಳ್ಳೆಯದು: ಗೋಡೆ ಮಳೆಗಾಲದ ತೇವ ಕಳೆದುಕೊಂಡಿರುತ್ತದೆ, ಬಿಸಿಲು ಇನ್ನೂ ಉರಿಯುತ್ತಿರುವುದಿಲ್ಲ. ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು. ಒಣ ಗೋಡೆ ಸುಣ್ಣದ ನೀರನ್ನು ಒಂದೇ ಗುಟುಕಿಗೆ ಹೀರಿ ಅದನ್ನು ಪುಡಿಯಾಗಿಸುತ್ತದೆ. ಸುಣ್ಣ ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಅದು ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ.

ಮೇಲೆ, ಕೆಳಗೆ

ಮದ್ರಾಸ್ ತಾರಸಿಯ ಒಳಮೈಗೆ, ಅಂದರೆ ತೊಲೆಗಳ ನಡುವೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆಗಳಿಗೆ, ಬಿಳಿ ಸುಣ್ಣ ಬಿಟ್ಟು ಬೇರೆ ಬೇಡ. ತೊಲೆಗಳಿಗೆ ಪಾಲಿಶ್ ಇರಲಿ, ಬಣ್ಣ ಬೇಡ. ಕೆಲವರು ಇಟ್ಟಿಗೆಗೂ ವಾರ್ನಿಷ್ ಹೊಡೆಸುತ್ತಾರೆ. ಹದಿಮೂರು ಅಡಿಯ ಕೋಣೆ ಆಗ ಒಂಬತ್ತು ಅಡಿಯಂತೆ ತೋರುತ್ತದೆ.

ಗೋಡೆಯ ಬುಡದ ಮೂರಡಿಗೆ ಬೇರೆ ಬಣ್ಣದ ಪಟ್ಟಿ ಕೊಡುವುದು ಹಳೆಯ ರೂಢಿ. ಅದಕ್ಕೆ ಕಾರಣ ಸೌಂದರ್ಯವಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ನೆಲದ ಮೇಲೆ ಕುಳಿತು ಗೋಡೆಗೆ ಒರಗುವ ಮನೆಗಳಲ್ಲಿ, ಸರಿಯಾಗಿ ಎರಡೂವರೆ ಅಡಿ ಎತ್ತರದಲ್ಲಿ ಸಾಲಾಗಿ ದುಂಡನೆಯ ಕಲೆಗಳು ಬೀಳುತ್ತವೆ. ಆ ಪಟ್ಟಿಗೆ ಎಣ್ಣೆಬಣ್ಣ ಹಾಕಿದರೆ ತೇವ ಏರುವ ಜಾಗವನ್ನೇ ಮುಚ್ಚಿದಂತಾಗುತ್ತದೆ. ಹಾಗಾಗಿ ನಾವು ಕೆಮ್ಮಣ್ಣು ಬೆರೆಸಿದ ಸುಣ್ಣವನ್ನೇ, ಗೋಂದು ತುಸು ಹೆಚ್ಚಿಸಿ, ಬಳಿಸಿದೆವು. ಅಂಟುತ್ತದೆಯೇ ಎಂದರೆ ಸ್ವಲ್ಪ ಅಂಟುತ್ತದೆ. ಅತ್ತೆಯ ಕುರ್ಚಿಯ ಹಿಂದೆ ಒಂದು ದಿಂಬು ಕಟ್ಟಿದ್ದೇವೆ.

ಹಜಾರಕ್ಕೆ ಕೊನೆಗೆ ಬಂದದ್ದು ಮಣ್ಣಿನ ಹಳದಿ, ತೀರ ತಿಳಿಯಾದದ್ದು. ಎರಡು ಮೂರು ವರ್ಷಕ್ಕೆ ಮತ್ತೆ ಬಳಿಯುವವರಿಗೆ ಬೇಕಾಗುತ್ತದೆಂದು ಅಳತೆಯನ್ನು ಅಟ್ಟದ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಸೋಸಿದ ಸುಣ್ಣ ಒಂದು ಬಕೆಟ್, ಹಳದಿ ಮಣ್ಣು ಎರಡು ಲೋಟ, ಕೆಮ್ಮಣ್ಣು ಅರ್ಧ ಚಮಚ, ನೆನೆಸಿದ ಗೋಂದು ಒಂದು ಲೋಟ, ಮೂರು ಕೋಟ್. ಕೆಮ್ಮಣ್ಣಿನ ಅರ್ಧ ಚಮಚವನ್ನು ಮರೆತರೆ ಬಣ್ಣ ಹಸಿರಿನತ್ತ ವಾಲುತ್ತದೆ.